ನೀರಿಗಿಳಿದ ಮೇಲೆ ಚಳಿಯೇನು ಅಂದವರು 6 ಡಿಗ್ರಿ ಸರೋವರಕ್ಕೆ ಇಳಿದಿರಲಿಕ್ಕಿಲ್ಲ

ಗುಳ್ಳೆರಾಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸ್ಕೂಬಾ ಡೈವಿಂಗ್ ಕಲಿತದ್ದು ಬೆಚ್ಚಗಿನ ಸಮುದ್ರದಲ್ಲಿ. ನೀರು 28 ಡಿಗ್ರಿ, ಮೈಗಂಟುವ ತೆಳು ರಬ್ಬರಿನ ವೆಟ್‌ಸೂಟ್, ಬಣ್ಣಬಣ್ಣದ ಮೀನು, ಮೇಲೆ ಬಂದರೆ ಬಿಸಿಲು. 35 ಡೈವ್ ಆಗಿದೆ, ಎಲ್ಲ ಬರುತ್ತದೆ ಅಂದುಕೊಂಡಿದ್ದೆ. ಈಗ ಇರುವ ಕಡೆಯಿಂದ ಸಮುದ್ರ ಮುಟ್ಟಬೇಕಾದರೆ ಒಂದೂವರೆ ದಿನ ಗಾಡಿ ಓಡಿಸಬೇಕು. ಹತ್ತಿರ ಇರುವುದು ಒಂದು ಆಳವಾದ ಸರೋವರ ಮಾತ್ರ. ಸರಿ, ನೀರು ನೀರೇ ಅಲ್ವಾ ಅಂತ ಗೆಳೆಯನ ಜೊತೆ ಹೋದೆ.

ಮೇಲಿನ ನೀರು 19 ಡಿಗ್ರಿ ಇತ್ತು. ಪರವಾಗಿಲ್ಲ ಅನಿಸಿತು. 9 ಮೀಟರ್ ಹತ್ತಿರ ತಲೆಕೆಳಗಾಗಿ ಇಳಿಯುತ್ತಾ ಕೈ ಮುಂದೆ ಚಾಚಿದೆ ನೋಡಿ, ಬೆರಳು ಫ್ರಿಜ್ಜಿನೊಳಗೆ ಇಟ್ಟ ಹಾಗೆ ತಣ್ಣಗೆ, ಮೊಣಕೈ ಇನ್ನೂ ಬೆಚ್ಚಗೆ! ಅಲ್ಲಿ ನೀರು ಮಸುಕಾಗಿ ನಡುಗುತ್ತಿತ್ತು, ಬಿಸಿಲಲ್ಲಿ ಡಾಂಬರು ರಸ್ತೆಯ ಮೇಲೆ ಕಾಣುತ್ತದಲ್ಲ, ಹಾಗೆ. ಅದನ್ನು ದಾಟಿದ ಮೇಲೆ ಕೈಗೆ ಕಟ್ಟಿದ ಡೈವ್ ಕಂಪ್ಯೂಟರ್ 6 ಡಿಗ್ರಿ ತೋರಿಸಿತು. ಹಣೆಗೆ ಯಾರೋ ಮೊಳೆ ಹೊಡೆದಂಥ ನೋವು. ಉಸಿರು ಮೇಲಿಂದ ಮೇಲೆ ಬರತೊಡಗಿತು. 17 ಮೀಟರ್‌ನಲ್ಲಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಸುಯ್ಯ್ ಅಂತ ಗಾಳಿ ಸುರಿಸಲು ಶುರುಮಾಡಿದ್ದು ನಿಲ್ಲಲೇ ಇಲ್ಲ. ಬಾಯಲ್ಲಿ ಇದ್ದದ್ದು ರೆಗ್ಯುಲೇಟರ್ ಅಲ್ಲ, ಮುರಿದ ನಲ್ಲಿ. ಸುತ್ತ ಗುಳ್ಳೆ ಬಿಟ್ಟರೆ ಏನೂ ಕಾಣುವುದಿಲ್ಲ. ಗೆಳೆಯ ತನ್ನ ಎರಡನೇ ರೆಗ್ಯುಲೇಟರ್ ಕೊಟ್ಟ. ಅದನ್ನು ಹಿಡಿದುಕೊಳ್ಳಲು ನನ್ನ ಬೆರಳು ಮಡಚಿಕೊಳ್ಳುತ್ತಿರಲಿಲ್ಲ. ಅವನೇ ಬಾಯಿಗೆ ಇಟ್ಟ. ಮೇಲೆ ಬಂದಾಗ ನನ್ನ ಸಿಲಿಂಡರ್‌ನಲ್ಲಿ 200 ಬಾರ್ (ಗಾಳಿಯ ಒತ್ತಡದ ಅಳತೆ) ಇದ್ದದ್ದು 20 ಉಳಿದಿತ್ತು. ದಡದಲ್ಲಿ ಕೂತು ಅರ್ಧ ಗಂಟೆ ಗಡಗಡ ನಡುಗಿದೆ. ಚಳಿಗೋ ಭಯಕ್ಕೋ ಹೇಳಲಾರೆ.

ಕೇಳಬೇಕಾದದ್ದು ಎರಡು. ಏನು ತಪ್ಪು ಮಾಡಿದೆ? ಮತ್ತೆ, ಇಷ್ಟೆಲ್ಲ ಪಡಿಪಾಟಲು ಪಡುವಷ್ಟು ಅಲ್ಲಿ ನಿಜವಾಗಿ ಏನಾದರೂ ಇದೆಯಾ?

ಸುಮ್ನಿರು

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಗುರು :)

ಆಳದ ಅಕ್ಕ

ಆ ಗಾದೆ ಮಾಡಿದವರು ಸೊಂಟದ ಮಟ್ಟ ಇಳಿದಿದ್ದರು ಅಷ್ಟೇ.

ಗುಳ್ಳೆರಾಯ ಅವರೇ, ಮೊದಲು ನಿಮ್ಮ ಗೆಳೆಯನಿಗೆ ಒಂದು ಥ್ಯಾಂಕ್ಸ್ ಹೇಳಿ. ಗಾಬರಿಯಲ್ಲೂ ತಲೆ ಓಡಿಸಿದ್ದಾರೆ.

ನಾನು ಹದಿನಾರು ವರ್ಷದಿಂದ ಸರೋವರಗಳಲ್ಲೇ ಡೈವ್ ಮಾಡುತ್ತಿದ್ದೇನೆ. ಸಮುದ್ರಕ್ಕೆ ಹೋದದ್ದೇ ಕಡಿಮೆ. ನಿಮಗೆ ಆದದ್ದರಲ್ಲಿ ವಿಚಿತ್ರ ಏನೂ ಇಲ್ಲ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ಬೆಚ್ಚಗಾದರೂ ಹಗುರ, ತಣ್ಣಗಾದರೂ ಹಗುರ. ಹಾಗಾಗಿ ಚಳಿ ದೇಶಗಳ ಆಳದ ಸರೋವರಗಳಲ್ಲಿ 4 ಡಿಗ್ರಿಯ ನೀರು ತಳಕ್ಕೆ ಹೋಗಿ ಕೂತುಬಿಡುತ್ತದೆ. ಬೇಸಿಗೆಯಲ್ಲಿ ಸೂರ್ಯ ಮೇಲಿನ ಕೆಲವು ಮೀಟರ್ ಮಾತ್ರ ಕಾಯಿಸುತ್ತಾನೆ. ಬೆಚ್ಚಗಿನ ಹಗುರ ನೀರು ಕೆಳಗಿನ ಭಾರದ ನೀರಿನ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ, ಎರಡೂ ಬೆರೆಯುವುದಿಲ್ಲ. ನಿಮ್ಮ ಬೆರಳಿಗೂ ಮೊಣಕೈಗೂ ನಡುವೆ ಇದ್ದದ್ದು ಆ ಗಡಿ. ಅದಕ್ಕೇ ಥರ್ಮೋಕ್ಲೈನ್ ಅನ್ನುವುದು. ದಡದಲ್ಲಿ ಮಕ್ಕಳು ಚಡ್ಡಿ ಹಾಕಿಕೊಂಡು ಈಜುತ್ತಿರುತ್ತಾರೆ, ಹತ್ತು ಮೀಟರ್ ಕೆಳಗೆ ಚಳಿಗಾಲ ಮುಗಿದೇ ಇರುವುದಿಲ್ಲ. ಶರತ್ಕಾಲದಲ್ಲಿ ಮೇಲಿನ ನೀರೂ ತಣ್ಣಗಾಗಿ ಗಾಳಿಗೆ ಇಡೀ ಸರೋವರ ಮಗುಚುತ್ತದೆ, ವಸಂತದಲ್ಲಿ ಮತ್ತೊಮ್ಮೆ. ಆಗ ಮೇಲಿಂದ ಕೆಳಗಿನ ತನಕ ಒಂದೇ ಚಳಿ.

ಸಮುದ್ರದವರು ಮಾಡುವ ಮೊದಲ ತಪ್ಪು ಇದೇ. ಮೇಲಿನ ನೀರು ಮುಟ್ಟಿ ನೋಡಿ ಸೂಟ್ ಆರಿಸುತ್ತಾರೆ. ಕೇಳಬೇಕಾದದ್ದು ತಳದ ಲೆಕ್ಕ.

ಎಷ್ಟು ದಪ್ಪದ ಸೂಟ್ ಇತ್ತು? ಗ್ಲೌಸ್? ರೆಗ್ಯುಲೇಟರ್ ಯಾವುದು?

ಗುಳ್ಳೆರಾಯ

ಅಕ್ಕ, 5 ಮಿಲಿಮೀಟರ್ ವೆಟ್‌ಸೂಟ್, 3 ಮಿಲಿಮೀಟರ್ ಗ್ಲೌಸ್. ತಲೆ ಮುಚ್ಚುವ ಹುಡ್ ಇರಲಿಲ್ಲ (ಬೈಯಿರಿ, ಪರವಾಗಿಲ್ಲ). ರೆಗ್ಯುಲೇಟರ್ ಬಾಡಿಗೆಯದ್ದು. ಅಂಗಡಿಯವರು ಎಲ್ಲ ಕಡೆ ನಡೆಯುತ್ತದೆ ಅಂದರು.

ನಟ್ಟು ಬೋಲ್ಟು

ನಾನು ರೆಗ್ಯುಲೇಟರ್ ರಿಪೇರಿ ಮಾಡುವವನು. ಗುಳ್ಳೆರಾಯರೇ, ಆ ರೆಗ್ಯುಲೇಟರ್ ಇನ್ನೊಂದು ಸಲ ಕೈಗೆ ಸಿಕ್ಕರೆ ಫಸ್ಟ್ ಸ್ಟೇಜ್ ಮೇಲೆ, ಅಂದರೆ ಸಿಲಿಂಡರ್‌ಗೆ ಕೂರುವ ಗಟ್ಟಿ ಭಾಗದ ಮೇಲೆ, ಏನು ಕೆತ್ತಿದ್ದಾರೆ ಓದಿ. ಯುರೋಪಿನ ಇಎನ್ 250 ಮಾನದಂಡದಲ್ಲಿ ತಣ್ಣೀರಿಗೆ ಅಂತ ಪಾಸಾಗಬೇಕಾದರೆ 4 ಡಿಗ್ರಿ ನೀರಲ್ಲಿ ಪರೀಕ್ಷೆ ಇರುತ್ತದೆ. ಅದಕ್ಕೆ ಒಳಪಡದ್ದರ ಮೇಲೆ ">10 °ಸಿ" ಅಂತ ಗುರುತು ಹಾಕಬೇಕು. ಅಂದರೆ 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ಇದನ್ನು ತರಬೇಡ ಅಂತ.

ಏನಾಗುತ್ತದೆ ಅಂದರೆ, ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ಇದೆ. ಫಸ್ಟ್ ಸ್ಟೇಜ್ ಅದನ್ನು ಒಂದೇ ಹೊಡೆತಕ್ಕೆ ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಜಾಸ್ತಿಗೆ ಇಳಿಸುತ್ತದೆ. ಗಾಳಿ ಹಾಗೆ ಹಿಗ್ಗಿದಾಗ ತಣ್ಣಗಾಗುತ್ತದೆ, ಸೊನ್ನೆಗಿಂತ ಎಷ್ಟೋ ಕೆಳಕ್ಕೆ. ಡಿಯೋಡರೆಂಟ್ ಡಬ್ಬಿ ಒತ್ತಿ ಹಿಡಿದರೆ ಕೈಗೆ ತಣ್ಣಗಾಗುತ್ತದಲ್ಲ, ಅದೇ ಕಥೆ. ಬೆಚ್ಚಗಿನ ಸಮುದ್ರದಲ್ಲಿ ಸುತ್ತಲಿನ ನೀರೇ ಲೋಹವನ್ನು ಕಾಯಿಸುತ್ತಾ ಇರುತ್ತದೆ. 6 ಡಿಗ್ರಿ ನೀರಿನ ಹತ್ತಿರ ಕೊಡಲು ಬಿಸಿಯೇ ಇಲ್ಲ. ಸ್ಪ್ರಿಂಗ್ ಸುತ್ತ ಇರುವ ನೀರು ಅಲ್ಲೇ ಮಂಜುಗಡ್ಡೆಯಾಗಿ ವಾಲ್ವ್ ತೆರೆದೇ ನಿಲ್ಲುತ್ತದೆ. ಗಾಳಿ ಸುರಿಯುತ್ತದೆ. ಸುರಿದಷ್ಟೂ ಇನ್ನೂ ತಣ್ಣಗೆ, ಇನ್ನೂ ಮಂಜು. ತಾನಾಗಿ ನಿಲ್ಲುವ ಮಾತೇ ಇಲ್ಲ.

ತಣ್ಣೀರಿನ ರೆಗ್ಯುಲೇಟರ್‌ನಲ್ಲಿ ಆ ಸ್ಪ್ರಿಂಗ್ ಇರುವ ಗೂಡಿಗೆ ನೀರು ಸೇರದಂತೆ ಸೀಲ್ ಮಾಡಿರುತ್ತಾರೆ, ಬಿಸಿ ಎಳೆದುಕೊಳ್ಳಲು ಲೋಹದ ರೆಕ್ಕೆಗಳಿರುತ್ತವೆ. ಆದರೂ ಒಂದು ಮಾತು. ಎಂಥ ಒಳ್ಳೆಯ ರೆಗ್ಯುಲೇಟರನ್ನೂ ಹೆಪ್ಪುಗಟ್ಟಿಸಬಹುದು. ಒಂದೇ ಸಲಕ್ಕೆ ಏದುಸಿರು ಬಿಟ್ಟುಕೊಂಡು, ತೇಲುವುದಕ್ಕಿರುವ ಜಾಕೆಟ್‌ಗೂ ಗಾಳಿ ತುಂಬಿಸಿ, ಒಳಗೆ ನೀರು ಬಿಡದ ಡ್ರೈಸೂಟ್‌ಗೂ ತುಂಬಿಸಿದರೆ ಫಸ್ಟ್ ಸ್ಟೇಜ್ ಮೇಲೆ ಮೂರು ಪಟ್ಟು ಹೊರೆ. ಗಾಳಿ ಬೇಕಾದರೆ ಚುಟುಕು ಚುಟುಕಾಗಿ ಒತ್ತಿ, ಆ ಹೊತ್ತಿಗೆ ಉಸಿರು ಎಳೆಯಬೇಡಿ. ದಡದಲ್ಲಿ ಕೊರೆಯುವ ಗಾಳಿಯಲ್ಲಿ ನಿಂತುಕೊಂಡು ರೆಗ್ಯುಲೇಟರ್‌ನಿಂದ ಉಸಿರಾಡಿ ಟೆಸ್ಟ್ ಮಾಡಬೇಡಿ. ನಿಮ್ಮ ಉಸಿರಿನ ಹಸಿಯೇ ಬಾಯಿ ಕಡೆಯ ಭಾಗದಲ್ಲಿ ಮಂಜಾಗುತ್ತದೆ. ಬಾಯಿ ನೀರೊಳಗೆ ಹೋದ ಮೇಲೆ ಮೊದಲ ಉಸಿರು.

ಗುಳ್ಳೆರಾಯ

ನಿಜವಾಗಿ ಹೋಗಿ ನೋಡಿದೆ. ">10 °ಸಿ" ಅಂತಲೇ ಇದೆ. ಉಗುರಿನಷ್ಟು ಸಣ್ಣ ಅಕ್ಷರ. ಇದರ ಮೇಲೆ ಬದುಕು ನಿಂತಿತ್ತು ಅಂತ ನೆನೆದರೆ ಹೊಟ್ಟೆಯಲ್ಲಿ ಸಂಕಟ.

ಇನ್ನೊಂದು. ಇಳಿಯುವ ಮೊದಲು ಟ್ಯಾಂಕ್‌ನಲ್ಲಿ 200 ಇದ್ದದ್ದು ಕೆಳಗೆ ಹೋದ ಸ್ವಲ್ಪ ಹೊತ್ತಿಗೆ 180ಕ್ಕೆ ಬಂದಿತ್ತು. ಆಗಲೇ ಸೋರುತ್ತಿತ್ತಾ?

ನಟ್ಟು ಬೋಲ್ಟು

ಬಹುಶಃ ಇಲ್ಲ. ಸಿಲಿಂಡರ್ ಗಾಡಿಯಲ್ಲಿ ಬಿಸಿಲಿಗೆ ಕಾದಿರುತ್ತದೆ. 30 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 4 ಡಿಗ್ರಿಗೆ ಇಳಿದರೆ ಸುಮಾರು 183 ಬಾರ್ ಆಗುತ್ತದೆ. ಗಾಳಿ ಎಲ್ಲೂ ಹೋಗಿಲ್ಲ, ತಣ್ಣಗಾಗಿ ಒತ್ತಡ ಇಳಿದಿದೆ ಅಷ್ಟೇ. ಆದರೆ ಪ್ಲಾನ್ ಮಾಡುವಾಗ ಆ 17 ನಿಮ್ಮದಲ್ಲ ಅಂತಲೇ ಲೆಕ್ಕ ಹಾಕಿ. ಅದರ ಜೊತೆ ಚಳಿಗೆ ಉಸಿರೂ ಜಾಸ್ತಿ ಖರ್ಚು. ಸಮುದ್ರದಲ್ಲಿ 50 ಬಾರ್ ಇಟ್ಟುಕೊಂಡು ಮೇಲೆ ಬರುವ ಅಭ್ಯಾಸವನ್ನು ಇಲ್ಲಿ ಮರೆತುಬಿಡಿ. ನಾನು ಮೂರರಲ್ಲಿ ಒಂದು ಪಾಲು ಮುಟ್ಟುವುದೇ ಇಲ್ಲ.

ಬಡ್ಡಿ ಬೇಕು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹೆಸರು ನೋಡಿ ಸಾಲ ಕೊಡುವವನು ಅಂದುಕೊಳ್ಳಬೇಡಿ, ಡೈವ್ ಜೊತೆಗಾರ ಬೇಕು ಅಂತ ಅರ್ಥ.

7 ಮಿಲಿಮೀಟರ್ ವೆಟ್‌ಸೂಟ್ ಹಾಕಿಕೊಂಡು 20 ನಿಮಿಷ ಆರಾಮಾಗಿ ಮಾಡಬಹುದು ಅಂತ ನನ್ನ ಅಭಿಪ್ರಾಯ. ಹುಡ್ ಗಟ್ಟಿಯಾಗಿದ್ದರೆ ಸಾಕು. ಡ್ರೈಸೂಟ್ ಅಂದರೆ ಮೂಗಿಗಿಂತ ಮೂಗುತಿ ಭಾರ. ನಾನು ಹಾಗೇ ಐದು ವರ್ಷ ಮಾಡಿದ್ದೇನೆ.

ಆಳದ ಅಕ್ಕ

ಎಷ್ಟು ಆಳಕ್ಕೆ? ವೆಟ್‌ಸೂಟ್ ಬೆಚ್ಚಗಿಡುವುದು ರಬ್ಬರಿನೊಳಗಿನ ಸಣ್ಣ ಸಣ್ಣ ಗುಳ್ಳೆಗಳಿಂದ. ಕೆಳಗೆ ಹೋದ ಹಾಗೆ ಒತ್ತಡಕ್ಕೆ ಆ ಗುಳ್ಳೆಗಳೇ ಚಪ್ಪಟೆ. 20 ಮೀಟರ್‌ನಲ್ಲಿ ನಿಮ್ಮ 7 ಮಿಲಿಮೀಟರ್ 7 ಆಗಿ ಉಳಿದಿರುವುದಿಲ್ಲ. ಎಲ್ಲಿ ಚಳಿ ಜಾಸ್ತಿಯೋ ಅಲ್ಲೇ ಸೂಟ್ ತೆಳು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿ ಎಳೆಯುತ್ತದೆ, ಹಾಗಾಗಿ ಮೈಗೂ ನೀರಿಗೂ ನಡುವೆ ಗಾಳಿ ಇಟ್ಟುಕೊಂಡವನೇ ಜಾಣ. ಡ್ರೈಸೂಟ್ ಮಾಡುವುದು ಅಷ್ಟೇ. ಬೆಚ್ಚಗಿಡುವುದು ಅದಲ್ಲ, ಒಳಗೆ ಹಾಕಿಕೊಳ್ಳುವ ದಪ್ಪ ಬಟ್ಟೆ.

ಬಡ್ಡಿ ಬೇಕು

ಸರಿ, 12 ಮೀಟರ್ ದಾಟಿದ್ದು ಕಡಿಮೆ. ಒಪ್ಪಿದೆ. ಆದರೆ ಡ್ರೈಸೂಟ್ ಕೊಂಡ ಮಾತ್ರಕ್ಕೆ ಉದ್ಧಾರ ಆಗುವುದಿಲ್ಲ ಅನ್ನುವುದನ್ನೂ ಹೇಳಿ ಅಕ್ಕ. ನನ್ನ ಪರಿಚಯದವರೊಬ್ಬರು ಕಲಿಯದೇ ಹಾಕಿಕೊಂಡು ಇಳಿದರು. ತಲೆ ಸ್ವಲ್ಪ ಕೆಳಗಾಯಿತು, ಸೂಟೊಳಗಿನ ಗಾಳಿಯೆಲ್ಲ ಕಾಲಿಗೆ ಓಡಿತು, ಗಾಳಿ ಬಿಡುವ ವಾಲ್ವ್ ಇರುವುದು ಭುಜದಲ್ಲಿ. ಕಾಲು ಮೇಲಾಗಿ ಬಲೂನಿನ ಹಾಗೆ ಹಾರಿದರು. ಪುಣ್ಯಕ್ಕೆ ಆಳ 6 ಮೀಟರ್ ಇತ್ತು.

ಆಳದ ಅಕ್ಕ

ಹೌದು, ಅದು ನಿಜ. ಮೊದಲು ಈಜುಕೊಳದಲ್ಲಿ ಕಲಿಯಬೇಕು. ಕಾಲು ಮೇಲಾದರೆ ಮಂಡಿ ಮಡಚಿ ಉರುಳಿ ನೆಟ್ಟಗಾಗುವುದನ್ನು ಯೋಚಿಸದೇ ಮಾಡುವಷ್ಟು ರೂಢಿ ಆಗಬೇಕು.

ಮತ್ತೆ ಕೂದಲು! ಇದನ್ನು ಯಾರೂ ಹೇಳುವುದಿಲ್ಲ. ಕುತ್ತಿಗೆಯ ರಬ್ಬರ್ ಪಟ್ಟಿಯೊಳಗೆ ನಾಲ್ಕು ಕೂದಲು ಸಿಕ್ಕಿಕೊಂಡರೆ ಸಾಕು, ಅದರ ಗುಂಟ ನೀರು ಸಣ್ಣಗೆ ಇಳಿಯುತ್ತದೆ. ಎದೆ ಮೇಲೆ ಐಸ್ ತುಂಡು ಜಾರಿದ ಹಾಗೆ. ಡೈವ್ ಮುಗಿಯುವ ತನಕ ಒಂದು ಕಾಲುಚೀಲ ಪಿಚಪಿಚ. ನನ್ನ ಮೊದಲ ಹತ್ತು ಡ್ರೈಸೂಟ್ ಡೈವ್‌ನಲ್ಲಿ ಡ್ರೈ ಆಗಿದ್ದದ್ದು ಹೆಸರು ಮಾತ್ರ.

ಮೀನಿನ ಹೆಜ್ಜೆ

ನಾನು ಬರೆಯಬೇಕಾದದ್ದು ಕೈ ಬಗ್ಗೆ. ಎಲ್ಲರೂ ರೆಗ್ಯುಲೇಟರ್, ಸೂಟ್ ಅಂತ ಮಾತಾಡುತ್ತಿದ್ದೀರಿ. ಗುಳ್ಳೆರಾಯರ ಪೋಸ್ಟ್ ಇನ್ನೊಂದು ಸಲ ಓದಿ. ರೆಗ್ಯುಲೇಟರ್ ಕೆಟ್ಟಿತು, ಸರಿ. ಗೆಳೆಯ ಇನ್ನೊಂದು ಕೊಟ್ಟ. ಅದನ್ನು ಹಿಡಿಯಲು ಬೆರಳು ಮಡಚಲಿಲ್ಲ. ಗೆಳೆಯ ಎರಡು ಮೀಟರ್ ದೂರ ಇದ್ದಿದ್ದರೆ?

ತಣ್ಣೀರಲ್ಲಿ ಮೊದಲು ಕೈಕೊಡುವುದು ಕೈಯೇ.

ಚಳಿಗೆ ಮೈ ತನ್ನ ರಕ್ತವನ್ನು ಒಳಗೆ ಎಳೆದುಕೊಳ್ಳುತ್ತದೆ. ಹೃದಯ, ಮಿದುಳು ಉಳಿಯಲಿ, ಬೆರಳು ಹಾಳಾಗಲಿ ಅನ್ನುವ ಲೆಕ್ಕ. ಮೊದಲು ಚುಚ್ಚಿದ ಹಾಗೆ ನೋವು. ಆಮೇಲೆ ನೋವು ಹೋಗುತ್ತದೆ. ಹೊಸಬರು ಆಗ "ಅಬ್ಬಾ, ಒಗ್ಗಿತು" ಅಂತ ಖುಷಿಪಡುತ್ತಾರೆ. ಒಗ್ಗಿದ್ದಲ್ಲ, ಮರಗಟ್ಟಿದ್ದು! ಬಕಲ್ ಬಿಚ್ಚುವುದು, ಗುಂಡಿ ಒತ್ತುವುದು, ವಾಲ್ವ್ ತಿರುಗಿಸುವುದು, ಜೊತೆಗಾರನನ್ನು ಹಿಡಿಯುವುದು, ನೀರೊಳಗೆ ನಮ್ಮ ಜೀವ ಉಳಿಸುವ ಎಲ್ಲ ಕೆಲಸವೂ ಬೆರಳಿನದು. ಮೈ ಇನ್ನೂ ಬೆಚ್ಚಗಿರುವಾಗಲೇ ಬೆರಳು ಸತ್ತಿರುತ್ತದೆ.

ನಮ್ಮ ಗುಂಪಿನಲ್ಲಿ ಒಂದು ರೂಢಿ ಇದೆ. ಪ್ರತಿ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳಿಂದ ಕಿರುಬೆರಳ ತುದಿ ಮುಟ್ಟಿ ಜೊತೆಗಾರನಿಗೆ ತೋರಿಸಬೇಕು. ಮುಟ್ಟಲು ಆಗಲಿಲ್ಲವಾ, ಡೈವ್ ಮುಗಿಯಿತು. ಆಳ ಎಷ್ಟಿರಲಿ, ಗಾಳಿ ಎಷ್ಟಿರಲಿ, ಎದುರಿಗೆ ಏನೇ ಇರಲಿ. ಚರ್ಚೆ ಇಲ್ಲ. ಮೇಲೆ ಬರಲೂ ಬೆರಳು ಬೇಕು, ಅದಕ್ಕೆ ಪೂರ್ತಿ ಸಾಯುವ ಮೊದಲೇ ತಿರುಗಬೇಕು.

ಇನ್ನೊಂದು: ದಪ್ಪ ಗ್ಲೌಸ್ ಹಾಕಿದರೆ ಓಕೆ ಸನ್ನೆ, ಮುಷ್ಟಿ, "ಗಾಳಿ ಕಡಿಮೆ" ಎಲ್ಲ ಒಂದೇ ಥರ ಕಾಣುತ್ತವೆ. ಇಳಿಯುವ ಮೊದಲೇ ದಡದಲ್ಲಿ ಗ್ಲೌಸ್ ಹಾಕಿಕೊಂಡು ಸನ್ನೆ ಮಾಡಿ ನೋಡಿ.

ಸುಮ್ನಿರು

ಮೇಲೆ ತಮಾಷೆ ಮಾಡಿದ್ದಕ್ಕೆ ಸಾರಿ. ಇದನ್ನು ಓದಿ ಕೂತಲ್ಲೇ ಹೆಬ್ಬೆರಳು ಕಿರುಬೆರಳು ಮುಟ್ಟಿಸಿ ನೋಡಿಕೊಂಡೆ.

ಹೊಸ ರೆಕ್ಕೆ

ನಾನು ಕೋರ್ಸ್ ಮುಗಿಸಿ ಒಂದು ತಿಂಗಳು. ನನ್ನ ಪ್ರಶ್ನೆ ಸಿಲ್ಲಿ ಇರಬಹುದು. ಮುಳುಗಲು ಕಟ್ಟಿಕೊಳ್ಳುವ ಸೀಸ ಸಿಹಿನೀರಿನಲ್ಲಿ ಜಾಸ್ತಿ ಬೇಕಾ ಕಡಿಮೆ ಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಟ್ಟು ಬೋಲ್ಟು

ಸಿಲ್ಲಿ ಏನಿಲ್ಲಮ್ಮ. ಎರಡೂ ನಿಜ, ಅದಕ್ಕೇ ಗೊಂದಲ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡ 2.5ರಷ್ಟು ಭಾರ. ನೀವು, ನಿಮ್ಮ ಸಾಮಾನು ಎಲ್ಲ ಸೇರಿ 100 ಲೀಟರ್ ಜಾಗ ಹಿಡಿಯುತ್ತೀರಿ ಅಂತಿಟ್ಟುಕೊಳ್ಳಿ. ಸಮುದ್ರ ನಿಮ್ಮನ್ನು 102.5 ಕಿಲೋದಷ್ಟು ಎತ್ತುತ್ತದೆ, ಸರೋವರ 100 ಕಿಲೋದಷ್ಟು. ಅಂದರೆ ಅದೇ ಸಾಮಾನಿಗೆ ಎರಡೂವರೆ ಕಿಲೋ ಸೀಸ ಕಡಿಮೆ ಸಾಕು. ಆದರೆ ತಣ್ಣೀರಿಗೆ ಅಂತ ದಪ್ಪ ಸೂಟ್ ಹಾಕುತ್ತೀರಲ್ಲ, ಅದು ತೇಲುತ್ತದೆ, ಅದನ್ನು ಮುಳುಗಿಸಲು ಮತ್ತೆ ಸೀಸ. ಹೊಸ ಸೂಟ್, ಹೊಸ ನೀರು ಅಂದರೆ ದಡದ ಹತ್ತಿರ ಎದೆಮಟ್ಟದ ನೀರಲ್ಲಿ ಪರೀಕ್ಷೆ ಮಾಡಿಯೇ ಮುಂದೆ ಹೋಗಿ.

ಕೆಸರು ಕಂಡವ

ಎಲ್ಲರೂ ಹೇಗೆ ಅಂತ ಹೇಳುತ್ತಿದ್ದೀರಿ. ಯಾಕೆ ಅಂತ ಯಾರೂ ಹೇಳಲಿಲ್ಲ. ಅಲ್ಲಿ ನಿಜವಾಗಿ ಏನಾದರೂ ಇದೆಯಾ ಅನ್ನುವ ಗುಳ್ಳೆರಾಯರ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ: ಏನೂ ಇಲ್ಲ. ಹಸಿರು ನೀರು, ಹೂಳು, ಒಂದು ಟೈರು, ಎರಡು ಬಾಟಲಿ. ನಾಲ್ಕು ಡೈವ್ ಮಾಡಿದೆ, ನಾಲ್ಕರಲ್ಲೂ ನನ್ನ ಕಾಲಿನ ಫಿನ್ ನನಗೇ ಕಾಣಲಿಲ್ಲ. ಮೀನು ಅಂತ ಕಂಡದ್ದು ಬೂದು ಬಣ್ಣದ ಒಂದು, ಅದೂ ನನ್ನನ್ನು ನೋಡಿ ಬೇಜಾರಾದ ಹಾಗಿತ್ತು.

ಆಳದ ಅಕ್ಕ

ಹ್ಹ ಹ್ಹ. ನೀವು ಬೇಸಿಗೆಯಲ್ಲಿ ಪಾಚಿ ಹಬ್ಬಿದಾಗ ಹೋಗಿದ್ದೀರಿ, ಜೊತೆಗೆ ಕಾಲು ಸೈಕಲ್ ತುಳಿದ ಹಾಗೆ ಹೊಡೆದಿದ್ದೀರಿ. ಸರೋವರದ ತಳದ ಹೂಳು ಹಿಟ್ಟಿನ ಹಾಗೆ. ಒಂದು ಸಲ ಎದ್ದರೆ ಆವತ್ತಿನ ಡೈವ್ ಪೂರ್ತಿ ಕೂರುವುದಿಲ್ಲ. ಕಪ್ಪೆ ಈಜಿದ ಹಾಗೆ ಕಾಲು ಅಗಲಿಸಿ ಒದೆಯಬೇಕು, ತಳದಿಂದ ಒಂದು ಮೀಟರ್ ಮೇಲೆ ಇರಬೇಕು. ಎಷ್ಟೋ ಕಡೆ ಥರ್ಮೋಕ್ಲೈನ್ ಮೇಲಷ್ಟೇ ಹಸಿರು, ಕೆಳಗೆ ಹೋದರೆ ಕತ್ತಲೆ ಆದರೆ ನೀರು ತಿಳಿ. ಟಾರ್ಚ್ ಹಾಕಿದರೆ ಬೆಳಕು ಕೋಲಿನ ಹಾಗೆ ನೆಟ್ಟಗೆ ಹೋಗುತ್ತದೆ.

ಇನ್ನು ಏನೂ ಇಲ್ಲ ಅನ್ನುವುದು. ಉತ್ತರ ಅಮೆರಿಕದ ಲೇಕ್ ಜಾರ್ಜ್‌ನಲ್ಲಿ ಲ್ಯಾಂಡ್ ಟಾರ್ಟಾಯ್ಸ್ ಅಂತ ಒಂದು ಯುದ್ಧದ ದೋಣಿ ಇದೆ. 1758ರಲ್ಲಿ ಬ್ರಿಟಿಷರು, ಚಳಿಗಾಲದಲ್ಲಿ ಫ್ರೆಂಚರ ಕೈಗೆ ಸಿಗಬಾರದು ಅಂತ ತಾವೇ ಮುಳುಗಿಸಿದರು. ಮತ್ತೆ ಕಣ್ಣಿಗೆ ಬಿದ್ದದ್ದು 1990ರಲ್ಲಿ. ಸುಮಾರು 32 ಮೀಟರ್ ಆಳದಲ್ಲಿ, ಮರದ ದೋಣಿ, ಇನ್ನೂ ದೋಣಿಯಾಗಿಯೇ ನಿಂತಿದೆ. ಸಮುದ್ರದಲ್ಲಿ ಹೀಗೆ ಉಳಿಯುವುದು ಅಪರೂಪ. ಅಲ್ಲಿ ಮರ ತಿನ್ನುವ ಹಡಗು ಹುಳು ಇದೆ, ಕಂಡ ಕಂಡ ಮರವನ್ನೆಲ್ಲ ಜರಡಿ ಮಾಡುತ್ತದೆ. ಸಿಹಿನೀರಿನಲ್ಲಿ ಆ ಹುಳು ಇಲ್ಲ. ಅದರ ಜೊತೆ ಚಳಿ ಇದೆ, ಕತ್ತಲೆ ಇದೆ, ಉಪ್ಪು ಇಲ್ಲ. ನಿಮ್ಮನ್ನು ನಡುಗಿಸುವ ಅದೇ ಚಳಿ ಆ ಹಲಗೆಗಳನ್ನು ಕಾಯುತ್ತಿದೆ.

ಲಾಂದ್ರ

ಇದಕ್ಕೆ ನನ್ನದೂ ಒಂದು. ಕೆನಡಾದ ಟೋಬರ್ಮರಿಯಲ್ಲಿ ಸ್ವೀಪ್‌ಸ್ಟೇಕ್ಸ್ ಅನ್ನುವ ಹಾಯಿಹಡಗು 1885ರಲ್ಲಿ ಮುಳುಗಿದ್ದು. ಬರೀ 6 ಮೀಟರ್ ಆಳ. ದೋಣಿಯಲ್ಲಿ ಕೂತವರಿಗೂ ಕಾಣುತ್ತದೆ. ಲೇಕ್ ಹ್ಯೂರನ್ ಅದು, ಸಮುದ್ರ ಎಲ್ಲೋ ದೂರ. ಫೋಟೋದಲ್ಲಿ ನೋಡಿ, ಆ ಹಡಗಿನ ಮೈ ಹಾಗೇ ಇದೆ.

ಹ್ಯೂರನ್‌ನಂಥ ಆ ದೊಡ್ಡ ಸರೋವರಗಳಲ್ಲಿ ಎಲ್ಲವೂ ಡೈವ್ ಮಾಡುವ ಜಾಗ ಅಲ್ಲ ಅನ್ನುವುದೂ ನೆನಪಿರಲಿ. ಲೇಕ್ ಸುಪೀರಿಯರ್‌ನಲ್ಲಿ 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಅನ್ನುವ ಸರಕು ಹಡಗು ಮುಳುಗಿತು, 29 ಜನ, ಒಬ್ಬರೂ ಉಳಿಯಲಿಲ್ಲ. ಅದು ಸಮಾಧಿ, ಅನುಮತಿ ಇಲ್ಲದೆ ಹೋಗುವಂತಿಲ್ಲ.

ಚಳಿ ಅಂದರೆ ಐಸ್‌ಲ್ಯಾಂಡಿನ ಸಿಲ್ಫ್ರಾ ಬಿಡುವಂತಿಲ್ಲ. ಥಿಂಗ್‌ವೆಲ್ಲಿರ್ ಸರೋವರದ ಅಂಚಿನಲ್ಲಿ, ಉತ್ತರ ಅಮೆರಿಕದ ಭೂಫಲಕವೂ ಯುರೇಷಿಯದ್ದೂ ದೂರ ಸರಿಯುವ ಕಡೆ ಬಿದ್ದ ಬಿರುಕು. ಹಿಮನದಿ ಕರಗಿದ ನೀರು ಲಾವಾ ಕಲ್ಲಿನೊಳಗೆ ವರ್ಷಗಟ್ಟಲೆ ಸೋಸಿ ಬರುತ್ತದೆ. ವರ್ಷಪೂರ್ತಿ 2ರಿಂದ 4 ಡಿಗ್ರಿ. 100 ಮೀಟರ್ ದೂರ ಕಾಣುತ್ತದೆ ಅನ್ನುತ್ತಾರೆ. ನಾನು ಹೋಗಿದ್ದೆ. ನೀರು ಇದೆ ಅಂತಲೇ ಅನಿಸಲಿಲ್ಲ, ಕಣಿವೆಯ ಮೇಲೆ ತೇಲುತ್ತಿದ್ದೇನೆ ಅಂತ ಒಂದು ಕ್ಷಣ ಕಾಲು ಹಿಂದೆಗೆದೆ. ಅರ್ಧ ಗಂಟೆಗೆ ತುಟಿ ನನ್ನದಲ್ಲ. ಆಮೇಲೆ ಮಾತಾಡಲು ಹೋದರೆ ಬರೀ ಬಬಬ.

ಕೆಸರು ಕಂಡವ

ಸರಿ ಮಾರಾಯರೇ, ಐಸ್‌ಲ್ಯಾಂಡ್ ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ. ನಮ್ಮಂಥವರ ಪಾಲಿಗೆ ಬಂದದ್ದು ಹಳೇ ಕಲ್ಲುಕ್ವಾರಿ.

ಮೀನಿನ ಹೆಜ್ಜೆ

ಕ್ವಾರಿಯನ್ನು ಬೈಯಬೇಡಿ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಸ್ಟೋನಿ ಕೋವ್ ಹಳೇ ಗ್ರಾನೈಟ್ ಕ್ವಾರಿಯೇ, ದೇಶದ ನಟ್ಟನಡುವೆ ಇದೆ. ಡೈವರ್‌ಗಳಿಗೆ ಅಂತಲೇ ಸ್ಟಾನೆಗಾರ್ತ್ ಅನ್ನುವ ಟಗ್ ಬೋಟನ್ನು ತಂದು ಮುಳುಗಿಸಿದ್ದಾರೆ. ಕ್ವಾರಿಯ ಗುಣ ಏನೆಂದರೆ ಸೆಳೆತ ಇಲ್ಲ, ಅಲೆ ಇಲ್ಲ, ಆಳ ಮೊದಲೇ ಗೊತ್ತು. ಕಲಿಯಲು ಅದಕ್ಕಿಂತ ಒಳ್ಳೆಯದು ಇಲ್ಲ. 6 ಡಿಗ್ರಿಯಲ್ಲಿ, ಮೂರು ಮೀಟರ್ ಕಾಣುವ ನೀರಲ್ಲಿ, ದಪ್ಪ ಗ್ಲೌಸ್ ಹಾಕಿಕೊಂಡು ಮಾಸ್ಕ್ ತೆಗೆದು ಮತ್ತೆ ಹಾಕಿಕೊಂಡವನಿಗೆ ಸಮುದ್ರ ಬಾತ್‌ಟಬ್.

ಆದರೆ ಅಣೆಕಟ್ಟಿನ ಹಿನ್ನೀರು ಬೇಡ, ಗೇಟು ತೂಬು ಇರುವ ಕಡೆ ಅಂತೂ ಬೇಡವೇ ಬೇಡ. ನೀರು ಎಳೆದುಕೊಳ್ಳುವ ಬಾಯಿಗೆ ಸಿಕ್ಕಿದ ಮನುಷ್ಯನನ್ನು ಹತ್ತು ಜನ ಎಳೆದರೂ ಬಿಡಿಸಲು ಆಗುವುದಿಲ್ಲ.

ಗಿರಿಶಿಖರ

ಒಂದು ವಿಷಯ ಬಿಟ್ಟುಹೋಗಿದೆ. ತಣ್ಣನೆಯ ಸರೋವರಗಳಲ್ಲಿ ಎಷ್ಟೋ ಬೆಟ್ಟದ ಮೇಲಿರುತ್ತವೆ. ಸಾಮಾನ್ಯವಾಗಿ 300 ಮೀಟರ್ ಎತ್ತರ ದಾಟಿದರೆ ಸಮುದ್ರಮಟ್ಟದ ಡೈವ್ ಟೇಬಲ್, ಅಂದರೆ ಯಾವ ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಪಟ್ಟಿ, ನಡೆಯುವುದಿಲ್ಲ. ಬೆಟ್ಟದಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ನೀರಿಂದ ಮೇಲೆ ಬರುವಾಗ, ಉಸಿರಾಡಿದ ಗಾಳಿಯಿಂದ ನಿಮ್ಮ ಮೈಯೊಳಗೆ ಕರಗಿದ ನೈಟ್ರೋಜನ್‌ಗೆ ಸಮುದ್ರದಲ್ಲಿ ಬಂದದ್ದಕ್ಕಿಂತ ದೊಡ್ಡ ಜಿಗಿತ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟು. 2000 ಮೀಟರ್ ಎತ್ತರದ ಸರೋವರದಲ್ಲಿ ಸುಮಾರು 8 ಮೀಟರ್‌ಗೇ ಅದು ಆಗಿಬಿಡುತ್ತದೆ. ಕಂಪ್ಯೂಟರ್ ತಾನೇ ಎತ್ತರ ಗುರುತಿಸುತ್ತದೋ ಅಥವಾ ನೀವು ಸೆಟ್ ಮಾಡಬೇಕೋ ಮೊದಲೇ ಓದಿಕೊಳ್ಳಿ. ಡೈವ್ ಮುಗಿಸಿ ಇನ್ನೂ ಎತ್ತರದ ಘಾಟಿ ಹತ್ತಿ ವಾಪಸ್ ಬರುವ ದಾರಿ ಇದ್ದರೆ ಅದೂ ಡೈವ್ ಆದ ಕೂಡಲೇ ವಿಮಾನ ಹತ್ತಿದ ಹಾಗೆಯೇ ಅಪಾಯ. ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರ ಇರುವುದು 3,812 ಮೀಟರ್‌ನಲ್ಲಿ, ಫ್ರಾನ್ಸಿನ ಸಮುದ್ರ ಶೋಧಕ ಕೂಸ್ತೋ ಅವರ ತಂಡ 1968ರಲ್ಲಿ ಅಲ್ಲಿ ಇಳಿದಿತ್ತು. ಅವರು ಅವರು, ನಾವು ನಾವು.

ಹೊಸ ರೆಕ್ಕೆ

ಚಳಿಗೂ ಬೆಂಡ್ಸ್‌ಗೂ (ಮೇಲೆ ಬರುವಾಗ ಮೈಯೊಳಗಿನ ನೈಟ್ರೋಜನ್ ಗುಳ್ಳೆಗಟ್ಟುವ ಕಾಯಿಲೆ) ಏನಾದರೂ ಸಂಬಂಧ ಇದೆಯಾ?

ಗಿರಿಶಿಖರ

ಇದೆ. ಅಮೆರಿಕದ ನೌಕಾಪಡೆ 2007ರಲ್ಲಿ ಇದರ ಬಗ್ಗೆ ವರದಿ ಕೊಟ್ಟಿದೆ. ಕೆಳಗೆ ಬೆಚ್ಚಗಿದ್ದು, ಮೇಲೆ ಬರುವಾಗ ತಣ್ಣಗಾದರೆ ಅಪಾಯ ಬಹಳ ಜಾಸ್ತಿ. ಕೆಳಗೆ ತಣ್ಣಗಿದ್ದು ಬರುವಾಗ ಬೆಚ್ಚಗಾದರೆ ಕಡಿಮೆ. ಬೆಚ್ಚಗಿದ್ದಾಗ ರಕ್ತ ಚೆನ್ನಾಗಿ ಓಡಿ ನೈಟ್ರೋಜನ್ ಒಳಗೆ ತುಂಬುತ್ತದೆ, ಆಮೇಲೆ ಚಳಿಗೆ ನಾಳ ಮುದುಡಿದರೆ ಅದೇ ನೈಟ್ರೋಜನ್‌ಗೆ ಹೊರಬರುವ ದಾರಿ ಮುಚ್ಚುತ್ತದೆ. ಈಗ ಬ್ಯಾಟರಿಯಿಂದ ಬಿಸಿಯಾಗುವ ಅಂಗಿ ಬಂದಿದೆಯಲ್ಲ, ಅದನ್ನು ಇಳಿಯುವಾಗಲೇ ಜೋರಾಗಿ ಹಾಕಿಕೊಂಡು ಕೊನೆಗೆ ಬ್ಯಾಟರಿ ಮುಗಿಯಿತು ಅನ್ನುವವರು ಸರಿಯಾಗಿ ತಪ್ಪು ದಿಕ್ಕಿಗೆ ಹೋಗುತ್ತಿದ್ದಾರೆ.

ಜೊತೆಗೆ, ತಣ್ಣೀರಲ್ಲಿ ಮೂತ್ರ ಬೇಗ ಬರುತ್ತದೆ. ಅದಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿಯದೆ ಡ್ರೈಸೂಟ್ ಹಾಕುವವರಿದ್ದಾರೆ. ಮಾಡಬೇಡಿ. ಡೈಪರ್ ಹಾಕಿಕೊಳ್ಳಿ. ನಾಚಿಕೆ ಏನಿಲ್ಲ, ಇಲ್ಲಿ ದೊಡ್ಡ ದೊಡ್ಡ ಮಾತಾಡಿದವರೆಲ್ಲ ಹಾಕಿಕೊಂಡವರೇ.

ಆಳದ ಅಕ್ಕ

:) ಮುಂದೆ ಹೋಗೋಣ.

ಬಡ್ಡಿ ಬೇಕು

ಮಂಜುಗಡ್ಡೆ ಕೆಳಗೆ ಯಾರಾದರೂ ಮಾಡಿದ್ದೀರಾ?

ಲಾಂದ್ರ

ಮಾಡಿದ್ದೇನೆ, ಮೂರು ಸಲ. ಅದು ಬೇರೆಯೇ ತರಬೇತಿ, ಸುಮ್ನೆ ಕುತೂಹಲಕ್ಕೆ ಇಳಿಯುವುದಲ್ಲ. ಗಡ್ಡೆಯಲ್ಲಿ ತ್ರಿಕೋನ ಕೊರೆಯುತ್ತಾರೆ. ಯಾಕೆ ತ್ರಿಕೋನ ಅಂದರೆ ಮೂಲೆಯಲ್ಲಿ ಎರಡೂ ಕಡೆ ಕೈ ಊರಿ ಮೈ ಎತ್ತಿಕೊಳ್ಳಬಹುದು. ಸೊಂಟಕ್ಕಲ್ಲ, ಎದೆಪಟ್ಟಿಗೆ ಹಗ್ಗ. ಮೇಲೆ ಒಬ್ಬರು ಹಗ್ಗ ಹಿಡಿದು ಕೂತಿರುತ್ತಾರೆ, ಅವರಿಗೆ ಬೇರೆ ಕೆಲಸ ಇಲ್ಲ, ಫೋನೂ ಇಲ್ಲ. ಇನ್ನೊಬ್ಬ ಡೈವರ್ ಪೂರ್ತಿ ಸಜ್ಜಾಗಿ ಕಾಯುತ್ತಿರುತ್ತಾನೆ. ಹಗ್ಗ ಎಷ್ಟು ಸಲ ಎಳೆದರೆ ಏನು ಅರ್ಥ ಅನ್ನುವುದೇ ಭಾಷೆ. ಗಡ್ಡೆ ಮೇಲಿನ ಹಿಮವನ್ನು ತೂತಿನಿಂದ ಹೊರಕ್ಕೆ ಗಾಲಿಯ ಕಡ್ಡಿಗಳ ಹಾಗೆ ಗೋರಿರುತ್ತಾರೆ. ಕೆಳಗಿಂದ ನೋಡಿದರೆ ಬೆಳಕಿನ ಗೆರೆಗಳು, ಎಲ್ಲವೂ ತೂತಿನ ಕಡೆಗೆ ದಾರಿ ತೋರಿಸುತ್ತವೆ.

ಒಂದು ಮಜಾ ಹೇಳುತ್ತೇನೆ. ಬಿಟ್ಟ ಉಸಿರು ಮೇಲೆ ಹೋಗಿ ಗಡ್ಡೆಯ ಅಡಿಗೆ ಅಂಟಿಕೊಳ್ಳುತ್ತದೆ. ಪಾದರಸದ ಹಾಗೆ ಓಡಾಡುತ್ತಾ ಒಂದಕ್ಕೊಂದು ಸೇರಿ ದೊಡ್ಡ ಬಟ್ಟಲಾಗುತ್ತದೆ. ನಾನು ಮಲಗಿಕೊಂಡು ಅದನ್ನೇ ನೋಡುತ್ತಿದ್ದೆ, ಮೇಲಿನವರು ಹಗ್ಗ ಎಳೆದು "ಇದ್ದೀಯಾ?" ಅಂತ ಕೇಳಿದರು. ರಷ್ಯಾದ ಬೈಕಾಲ್‌ಗೆ ಫೆಬ್ರವರಿ, ಮಾರ್ಚ್‌ನಲ್ಲಿ ಇದಕ್ಕೇ ಜನ ಹೋಗುತ್ತಾರೆ. 1,642 ಮೀಟರ್ ಆಳದ ಸರೋವರ, ಸಮುದ್ರ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ, ಆದರೂ ಅಲ್ಲಿ ಸೀಲ್ ಇದೆ, ಹಸಿರು ಸ್ಪಂಜುಗಳ ಕಾಡೇ ಇದೆ.

ಮೀನಿನ ಹೆಜ್ಜೆ

ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವವರು ಸಾಮಾನು ತೊಳೆದು ಪೂರ್ತಿ ಒಣಗಿಸಿ. ಜೀಬ್ರಾ ಮಸ್ಸೆಲ್ ಅನ್ನುವ ಸಣ್ಣ ಚಿಪ್ಪು ಉತ್ತರ ಅಮೆರಿಕದ ದೊಡ್ಡ ಸರೋವರಗಳಲ್ಲಿ ಮೊದಲು ಕಂಡದ್ದು 1988ರಲ್ಲಿ. ಈಗ ಅದೂ ಅದರ ದಾಯಾದಿ ಕ್ವಾಗ್ಗವೂ ಸೇರಿ ಮುಳುಗಿದ ಹಡಗುಗಳನ್ನು ಹೊದ್ದುಕೊಂಡಿವೆ. ನೀರು ಸೋಸಿ ಸೋಸಿ ತಿಳಿ ಮಾಡಿವೆ, ಡೈವರ್‌ಗೆ ಖುಷಿ. ಆದರೆ ಮೀನಿನ ಬಾಯಿಗೆ ಹೋಗಬೇಕಾದದ್ದನ್ನೂ ಸೋಸಿ ತಿಂದುಬಿಟ್ಟಿವೆ. ಅದರ ಮರಿ ಕಣ್ಣಿಗೆ ಕಾಣುವುದಿಲ್ಲ, ಜಾಕೆಟ್‌ನೊಳಗೆ ಉಳಿದ ಒಂದು ಲೋಟ ನೀರು ಸಾಕು.

ಗುಳ್ಳೆರಾಯ

ಎರಡು ತಿಂಗಳಾಯಿತು, ಮತ್ತೆ ಬಂದೆ. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿದೆ. ಈಜುಕೊಳದಲ್ಲಿ ಡ್ರೈಸೂಟ್ ಕಲಿತೆ. ಎರಡು ಸಲ ಕಾಲು ಮೇಲಾಗಿ ನೇತಾಡಿದೆ, ಪಕ್ಕದ ಲೇನಿನಲ್ಲಿ ಈಜು ಕಲಿಯುತ್ತಿದ್ದ ಮಕ್ಕಳಿಗೆ ಭಾರೀ ಮನರಂಜನೆ. ತಣ್ಣೀರಿನ ರೆಗ್ಯುಲೇಟರ್ ಎರಡು, ಸಿಲಿಂಡರ್‌ಗೆ ಎರಡು ವಾಲ್ವ್. ಒಂದು ಹೆಪ್ಪುಗಟ್ಟಿದರೆ ಅದರ ವಾಲ್ವ್ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುವುದು. ಅದನ್ನು ದಡದಲ್ಲಿ ಗ್ಲೌಸ್ ಹಾಕಿಕೊಂಡು ಕಣ್ಣು ಮುಚ್ಚಿ ಐವತ್ತು ಸಲ ಆದರೂ ತಿರುಗಿಸಿದ್ದೇನೆ.

ಮೊನ್ನೆ ಅದೇ ಸರೋವರಕ್ಕೆ, ಅದೇ ಗೆಳೆಯ. ಮೇಲೆ 11, ಕೆಳಗೆ 5. ಗಡಿ ದಾಟುವಾಗ ನಿಂತೆ. ಒಂದು ನಿಮಿಷ ಸುಮ್ನೆ ಉಸಿರಾಡಿದೆ, ಹಣೆ ನೋವು ಬಂತು, ಹೋಯಿತು. 14 ಮೀಟರ್‌ನಲ್ಲಿ ಮುಳುಗಿದ ಮರವೊಂದು ಕೊಂಬೆ ಸಮೇತ ನಿಂತಿತ್ತು. ತೊಗಟೆ ಕೂಡ ಇತ್ತು. ಒಂದು ಕೊಂಬೆಯಲ್ಲಿ ಅಂಗೈ ಉದ್ದದ ಪರ್ಚ್ ಮೀನುಗಳು, ಪಟ್ಟೆಪಟ್ಟೆ, ಹದಿನೈದಿಪ್ಪತ್ತು, ಹಕ್ಕಿಗಳ ಹಾಗೆ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಟಾರ್ಚ್ ಹಾಕಿದರೂ ಕದಲಲಿಲ್ಲ. ಗೆಳೆಯ ಇನ್ನೂ ಕೆಳಗೆ ಏನೋ ಇದೆ ಅಂತ ಕೈ ತೋರಿಸಿದ. ದೋಣಿಯ ಅಂಚೇ ಇರಬೇಕು, ನೆಟ್ಟಗಿನ ಗೆರೆ ಕಾಣುತ್ತಿತ್ತು, ನಾಲ್ಕೈದು ಮೀಟರ್ ಅಷ್ಟೇ. ಹೆಬ್ಬೆರಳು ಕಿರುಬೆರಳ ಕಡೆಗೆ ತಂದೆ. ಉಂಗುರ ಬೆರಳಿಗೆ ಬಂದು ನಿಂತಿತು. ಇನ್ನೊಂದು ಸಲ ನೋಡಿದೆ. ಅಲ್ಲೇ ನಿಂತಿತು. ಗಾಳಿ 130 ಇತ್ತು.

ಮೇಲೆ ಬಂದೆವು. ದಡದಲ್ಲಿ ಗ್ಲೌಸ್ ಬಿಚ್ಚಲು ಹಲ್ಲೇ ಬೇಕಾಯಿತು.

ಮೀನಿನ ಹೆಜ್ಜೆ

ಮುಂದಿನ ಸಲಕ್ಕೆ ಡ್ರೈ ಗ್ಲೌಸ್ ಹಾಕಿ, ಒಳಗೆ ಉಣ್ಣೆಯದ್ದು. ಆ ದೋಣಿ ಇರುವುದು 18 ಮೀಟರ್‌ನಲ್ಲಾ? ಮಾರ್ಚ್‌ನಲ್ಲಿ ಪಾಚಿ ಇರುವುದಿಲ್ಲ, ನಾನೂ ಬರುತ್ತೇನೆ.